ಸಮಾಲ್ಖಾದಿಂದ ಹದಿನಾಲ್ಕು ಮೈಲಿ

ಇಸವಿ 2054. ಊರು ವಾಷಿಂಗ್ಟನ್. ಹೋವರ್ಡ್ ಮಾರ್ಕ್ಸ್ ಎಂಬ ಗಂಡ ಬೆಳಗ್ಗೆ ಕೆಲಸಕ್ಕೆ ಹೊರಟವನು ಹೋಗದೆ ಮನೆಯ ಹತ್ತಿರವೇ ಮರೆಯಲ್ಲಿ ನಿಂತು, ಹೆಂಡತಿಯ ಪ್ರಿಯಕರ ಒಳಗೆ ಹೋಗುವುದನ್ನು ನೋಡುತ್ತಾನೆ. ಹಿಂದೆಯೇ ತಾನೂ ಹೋಗುತ್ತಾನೆ. ಕೈಗೆ ಕತ್ತರಿ ಸಿಗುತ್ತದೆ. ಅದನ್ನು ಎತ್ತಿದ ಹೊತ್ತಿಗೆ ಸರಿಯಾಗಿ ಟಾಮ್ ಕ್ರೂಸ್ ಒಳನುಗ್ಗಿ ಕೈ ಹಿಡಿಯುತ್ತಾನೆ. ಬಂಧನಕ್ಕೆ ಕಾರಣ ಏನು ಗೊತ್ತಾ? ಇವತ್ತು ಬೆಳಗ್ಗೆ ಎಂಟು ಗಂಟೆ ನಾಲ್ಕು ನಿಮಿಷಕ್ಕೆ ಮಾಡಲಿದ್ದ ಕೊಲೆ. ವಕೀಲರಿಲ್ಲ, ವಾದವಿಲ್ಲ. ಪರದೆಯ ಮೇಲೆ ಕಾಣುವ ಇಬ್ಬರು ಸಾಕ್ಷಿಗಳು ಹೂಂ ಅಂದರೆ ಮುಗೀತು. ತಲೆಗೊಂದು ಪಟ್ಟಿ ತೊಡಿಸಿ, ಪ್ರಜ್ಞೆ ತಪ್ಪಿಸಿ, ಕೊಳವೆಯೊಳಗೆ ಇಟ್ಟುಬಿಡುತ್ತಾರೆ.

2002ರಲ್ಲಿ ಬಂದ ಸ್ಟೀವನ್ ಸ್ಪೀಲ್‌ಬರ್ಗ್‌ರ ‘ಮೈನಾರಿಟಿ ರಿಪೋರ್ಟ್’ ನಮ್ಮ ಐಟಿ ಮಂದಿಗೆ ಒಂಥರಾ ಕುಲದೇವರ ಸಿನಿಮಾ. ಗಾಳಿಯಲ್ಲಿ ಕೈ ಆಡಿಸಿ ಪರದೆ ಸರಿಸುವ ದೃಶ್ಯವನ್ನು ಎಷ್ಟು ಪ್ರೆಸೆಂಟೇಷನ್‌ಗಳಲ್ಲಿ ನೋಡಿದ್ದೇನೋ ಲೆಕ್ಕವಿಲ್ಲ. ಆದರೆ ಸಿನಿಮಾದ ಜೀವ ಆ ಪರದೆಯಲ್ಲಿಲ್ಲ, ಅದು ಕೇಳುವ ಪ್ರಶ್ನೆಯಲ್ಲಿದೆ: ಕೆಟ್ಟದ್ದು ಮಾಡಬೇಕು ಅಂತ ಮನಸ್ಸು ಮಾಡಿದವನನ್ನು, ಮಾಡುವ ಮೊದಲೇ ಶಿಕ್ಷಿಸಬಹುದಾ? ಇಷ್ಟು ಒಳ್ಳೆ ಪ್ರಶ್ನೆ ಎತ್ತಿಕೊಂಡ ಸಿನಿಮಾ ಅದಕ್ಕೆ ಉತ್ತರ ಕೊಡದೆ ಹಿತ್ತಲ ಬಾಗಿಲಿಂದ ಓಡಿಹೋಗುತ್ತದೆ ಅನ್ನೋದು ನನ್ನ ತಕರಾರು.

ಕಥೆ ಮರೆತವರಿಗಾಗಿ ಎರಡು ಮಾತು. ಮುಂದೆ ನಡೆಯುವ ಕೊಲೆಗಳನ್ನು ಮೊದಲೇ ಕಾಣುವ ಮೂವರು ಇದ್ದಾರೆ. ಅವರನ್ನು ನೀರಿನಲ್ಲಿ ಮಲಗಿಸಿ, ಅವರ ತಲೆಯೊಳಗಿನ ಚಿತ್ರಗಳನ್ನು ಪರದೆಗೆ ತಂದು, ಪೊಲೀಸರು ಓಡುತ್ತಾರೆ. ಆರು ವರ್ಷಗಳಿಂದ ಆ ಊರಲ್ಲಿ ಒಂದೂ ಕೊಲೆಯಾಗಿಲ್ಲ. ಈ ವ್ಯವಸ್ಥೆಯನ್ನು ಪರೀಕ್ಷಿಸಲು ಬಂದ ಅಧಿಕಾರಿ ನೇರವಾಗಿ ಕೇಳುತ್ತಾನೆ: ಏನೂ ಮಾಡದವರನ್ನು ಹಿಡಿಯುತ್ತಿದ್ದೀರಲ್ಲ? ಟಾಮ್ ಕ್ರೂಸ್, ಅಂದರೆ ಆಂಡರ್ಟನ್, ಮರದ ಚೆಂಡೊಂದನ್ನು ಉರುಳಿಸುತ್ತಾನೆ. ಕೆಳಗೆ ಬೀಳುವ ಮೊದಲು ಅಧಿಕಾರಿ ಅದನ್ನು ಹಿಡಿಯುತ್ತಾನೆ. ಯಾಕೆ ಹಿಡಿದೆ ಅಂದರೆ, ಬೀಳುತ್ತಿತ್ತಲ್ಲ ಅಂತ ಅವನ ಉತ್ತರ. ನೀನು ಹಿಡಿದೆ ಅನ್ನೋ ಕಾರಣಕ್ಕೆ ಅದು ಬೀಳಲಿತ್ತು ಅನ್ನೋದು ಸುಳ್ಳಾಗೋಲ್ಲ. ಇದು ಆಂಡರ್ಟನ್ ವಾದ.

ಮೊದಲ ಸಲ ನೋಡಿದವರು ಇಲ್ಲಿ ತಲೆದೂಗುತ್ತಾರೆ. ಸ್ವಲ್ಪ ನಿಂತು ಯೋಚಿಸಿದರೆ ವಾದದ ತೂತು ಕಾಣುತ್ತದೆ. ಚೆಂಡಿಗೆ ಮನಸ್ಸಿಲ್ಲ. ಮೇಜಿನ ಅಂಚಿಗೆ ಬಂದ ಚೆಂಡು ‘ಥೂ, ಯಾಕೆ ಬೇಕು ಈ ಉಸಾಬರಿ’ ಅಂತ ವಾಪಸು ಹೋಗೋಲ್ಲ. ಮನುಷ್ಯ ಹೋಗ್ತಾನೆ. ದಿನಾ ಹೋಗ್ತಾನೆ.

ಉದ್ದೇಶಕ್ಕೆ ಯಾಕೆ ಶಿಕ್ಷೆ ಕೊಡಬಾರದು ಅಂತ ಯಾರನ್ನಾದರೂ ಕೇಳಿ. ಸಾಮಾನ್ಯವಾಗಿ ಸಿಗುವ ಉತ್ತರ, ‘ಮನಸ್ಸಲ್ಲಿ ಏನಿದೆ ಅಂತ ಯಾರಿಗೆ ಗೊತ್ತಾಗುತ್ತೆ?’ ಸಾಬೀತು ಮಾಡಲಾಗದ್ದಕ್ಕೆ ಶಿಕ್ಷೆ ಹೇಗೆ ಅಂತ. ಈ ಉತ್ತರ ನೂರಾರು ವರ್ಷ ನಡೆಯಿತು. ನಮ್ಮ ಕಾಲಕ್ಕೆ ಇದು ಸವೆದುಹೋಗುತ್ತಿದೆ. ರಾತ್ರಿ ಎರಡು ಗಂಟೆಗೆ ಮನಸ್ಸಿಗೆ ಬಂದದ್ದನ್ನೆಲ್ಲ ನಾವೇ ಟೈಪ್ ಮಾಡುತ್ತೇವೆ. ಹುಡುಕಿದ್ದು, ಬರೆದು ಅಳಿಸಿದ್ದು, ಗೆಳೆಯನಿಗೆ ಕಳಿಸಿದ್ದು ಎಲ್ಲವೂ ಎಲ್ಲೋ ಒಂದು ಸರ್ವರಿನಲ್ಲಿ ಸಮಯ ಸಹಿತ ದಾಖಲಾಗಿರುತ್ತದೆ. ನೀರಲ್ಲಿ ಮಲಗಿಸಿದ ಮೂವರು ಬೇಕಿಲ್ಲ. ನಮ್ಮ ಜೇಬಿನಲ್ಲೇ ಒಂದಿದೆ.

ಇದು ಬರೀ ಊಹೆಯಲ್ಲ. ನ್ಯೂಯಾರ್ಕಿನ ಒಬ್ಬ ಪೊಲೀಸ್ ಪೇದೆ ಆನ್‌ಲೈನಿನಲ್ಲಿ ಅಪರಿಚಿತರ ಜೊತೆ ಚಾಟ್ ಮಾಡುತ್ತ, ಗೊತ್ತಿರುವ ಹೆಂಗಸರನ್ನು ಅಪಹರಿಸಿ, ಕೊಂದು, ತಿನ್ನುವ ಮಾತಾಡುತ್ತಿದ್ದ. ಅವರಲ್ಲಿ ಅವನ ಹೆಂಡತಿಯೂ ಒಬ್ಬಳು. ಆಕೆಯೇ ಕಂಪ್ಯೂಟರಿನಲ್ಲಿ ಇದನ್ನು ಕಂಡು ಎಫ್‌ಬಿಐಗೆ ತಿಳಿಸಿದಳು. 2012ರಲ್ಲಿ ಬಂಧನ. 2013ರಲ್ಲಿ ಜ್ಯೂರಿ ಅವನನ್ನು ಅಪಹರಣದ ಒಳಸಂಚಿನ ಅಪರಾಧಿ ಅಂತ ತೀರ್ಮಾನಿಸಿತು. 2014ರಲ್ಲಿ ನ್ಯಾಯಾಧೀಶರು ಆ ತೀರ್ಮಾನವನ್ನು ತಳ್ಳಿಹಾಕಿದರು, 2015ರಲ್ಲಿ ಮೇಲಿನ ಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಚಾಟ್‌ನಲ್ಲಿ ಅಪಹರಣಕ್ಕೆ ಗೊತ್ತು ಮಾಡಿದ ದಿನಗಳು ಬಂದವು, ಹೋದವು. ಯಾರೂ ಏನೂ ಮಾಡಿರಲಿಲ್ಲ, ಯಾಕೆ ಮಾಡಲಿಲ್ಲ ಅಂತ ಆ ಕಡೆಯವರು ಕೇಳಿರಲೂ ಇಲ್ಲ. ಇದು ಕಲ್ಪನೆಯ ಆಟ, ಒಪ್ಪಂದವಲ್ಲ ಅಂದಿತು ಕೋರ್ಟು.

ಓದುವಾಗಲೇ ಹೊಟ್ಟೆ ತೊಳಸುತ್ತೆ, ನಿಜ. ಆ ಹೆಂಡತಿಯ ಜಾಗದಲ್ಲಿ ನಿಂತರೆ ಕೋರ್ಟಿನ ಮೇಲೆ ಸಿಟ್ಟೂ ಬರುತ್ತೆ. ಆದರೆ ಇಲ್ಲಿ ಅವನ ಮನಸ್ಸಿನಲ್ಲಿ ಏನಿತ್ತು ಅನ್ನೋದಕ್ಕೆ ಪುಟಗಟ್ಟಲೆ ದಾಖಲೆ ಇತ್ತು ಅನ್ನೋದನ್ನು ಗಮನಿಸಿ. ಮನಸ್ಸು ಕಾಣೋಲ್ಲ ಅನ್ನೋ ಹಳೇ ಉತ್ತರವನ್ನಷ್ಟೇ ನಂಬಿಕೊಂಡು ಕೂತರೆ, ಮನಸ್ಸು ಕಾಣುವ ದಿನ ನಮ್ಮ ಹತ್ತಿರ ಹೇಳೋಕೆ ಏನೂ ಉಳಿಯೋಲ್ಲ. ಹಾಗಾಗಿ ಬೇರೆ ಕಾರಣ ಬೇಕು. ಆ ಕಾರಣ ಹಾಲಿವುಡ್ಡಿನಲ್ಲಿ ಸಿಗಲಿಲ್ಲ. ನಮ್ಮದೇ ಕಾನೂನಿನಲ್ಲಿ, ಭತ್ತದ ಲಾರಿಯೊಂದರ ಕೇಸಿನಲ್ಲಿ ಸಿಕ್ಕಿತು.

1961ರ ಅಕ್ಟೋಬರ್. ಆಗ ಭತ್ತವನ್ನು ಪಂಜಾಬಿನಿಂದ ಹೊರಗೆ ಸಾಗಿಸಲು ಪರವಾನಗಿ ಬೇಕಿತ್ತು. 75 ಮೂಟೆ ಭತ್ತ ಹೇರಿಕೊಂಡು ದಿಲ್ಲಿಯ ಕಡೆ ಹೊರಟ ಲಾರಿಯನ್ನು ಸಮಾಲ್ಖಾ ಎಂಬಲ್ಲಿ ತಡೆದರು. ಪರವಾನಗಿ ಇರಲಿಲ್ಲ. ಲಾರಿ ನಿಂತ ಜಾಗ ದಿಲ್ಲಿಯಿಂದ 32 ಮೈಲಿ. ರಾಜ್ಯದ ಗಡಿ ಇದ್ದದ್ದು ದಿಲ್ಲಿಯಿಂದ 18ನೇ ಮೈಲಿಯಲ್ಲಿ. ಅಂದರೆ ಗಡಿಗೆ ಇನ್ನೂ 14 ಮೈಲಿ ಬಾಕಿ. ಕೆಳಗಿನ ಕೋರ್ಟುಗಳು ಡ್ರೈವರಿಗೂ ಕ್ಲೀನರಿಗೂ ಶಿಕ್ಷೆ ಕೊಟ್ಟವು. ಮಲ್ಕಿಯತ್ ಸಿಂಗ್ ಕೇಸು ಅಂತ ಹೆಸರಾದ ಇದು ಸುಪ್ರೀಂ ಕೋರ್ಟಿಗೆ ಬಂದು, 1968ರಲ್ಲಿ ತೀರ್ಪಾಯಿತು. ಲಾರಿ ದಿಲ್ಲಿಗೇ ಹೊರಟಿತ್ತು ಅನ್ನುವುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಆದರೂ ಕೋರ್ಟು ಹೇಳಿದ್ದು ಇಷ್ಟು: ಇದು ಸಿದ್ಧತೆ, ಪ್ರಯತ್ನ ಅಲ್ಲ. ಪರವಾನಗಿ ಇಲ್ಲ ಅಂತ ಯಾರಾದರೂ ಎಚ್ಚರಿಸಿದ್ದರೆ, ಸಮಾಲ್ಖಾಕ್ಕೂ ಗಡಿಗೂ ನಡುವೆ ಎಲ್ಲಿ ಬೇಕಾದರೂ ಅವರು ಮನಸ್ಸು ಬದಲಿಸಿ ಲಾರಿ ತಿರುಗಿಸಿಕೊಳ್ಳಬಹುದಿತ್ತು.

ಆ 14 ಮೈಲಿ ನನಗೆ ಬಹಳ ಇಷ್ಟ. ನ್ಯಾಯಮೂರ್ತಿಗಳು ಲಾರಿಯವರ ಮನಸ್ಸು ಗೊತ್ತಾಗಲಿಲ್ಲ ಅನ್ನಲಿಲ್ಲ. ಗೊತ್ತಿದ್ದೂ, ಉಳಿದ ದಾರಿ ಅವರದ್ದು ಅಂದರು. ಉದ್ದೇಶಕ್ಕೂ ಕೃತ್ಯಕ್ಕೂ ನಡುವೆ ಇರುವ ದಾರಿ ಸರ್ಕಾರದ ಆಸ್ತಿ ಅಲ್ಲ, ಆ ಮನುಷ್ಯನದು. ಹಿಂತಿರುಗಲಿಕ್ಕೆ ಅವನಿಗೆ ಇರುವ ಜಾಗ ಅದೊಂದೇ. ಉದ್ದೇಶಕ್ಕೇ ಶಿಕ್ಷೆ ಅಂತ ಮಾಡಿದರೆ ಆ ಜಾಗ ಇಲ್ಲವಾಗುತ್ತದೆ. ಇನ್ನೂ ಒಂದು ವಿಚಿತ್ರ ಇದೆ: ಮನಸ್ಸು ಮಾಡಿದ ಕ್ಷಣವೇ ಅಪರಾಧಿ ಅಂತಾದ ಮೇಲೆ ಅವನು ವಾಪಸು ಬರೋದಾದರೂ ಯಾಕೆ? ಮಾಡಿದರೂ ಜೈಲು, ಮಾಡದಿದ್ದರೂ ಜೈಲು.

ನಮ್ಮ ದಂಡ ಸಂಹಿತೆ ಈ ಗೆರೆಯನ್ನು ಎಷ್ಟು ನಾಜೂಕಾಗಿ ಎಳೆದಿತ್ತು ಗೊತ್ತಾ? ಕೊಲೆ ಯತ್ನದ ಕಲಮಿನ, ಅಂದರೆ 307ರ, ಕೆಳಗೆ ಕೊಟ್ಟ ಉದಾಹರಣೆಗಳನ್ನು ನೋಡಿ. ಒಬ್ಬ ಕೊಲ್ಲುವ ಉದ್ದೇಶದಿಂದ ಬಂದೂಕು ಕೊಂಡ, ಗುಂಡು ತುಂಬಿದ. ಈ ಕಲಮಿನ ಅಪರಾಧ ಇನ್ನೂ ಆಗಿಲ್ಲ. ಗುಂಡು ಹಾರಿಸಿದ, ಆಯಿತು. ಇನ್ನೊಂದು: ವಿಷ ತಂದ, ಊಟಕ್ಕೆ ಬೆರೆಸಿದ, ಊಟ ಇನ್ನೂ ಅವನ ಹತ್ತಿರವೇ ಇದೆ. ಆಗಿಲ್ಲ. ಅದನ್ನು ಊಟದ ಮೇಜಿಗೆ ಇಟ್ಟ, ಅಥವಾ ಇಡಲು ಆಳಿನ ಕೈಗೆ ಕೊಟ್ಟ, ಆಯಿತು. ನಮ್ಮ ಲೆಕ್ಕದಲ್ಲಿ ಹೇಳೋದಾದರೆ ಅಡುಗೆಮನೆಯಿಂದ ಎಲೆಯವರೆಗಿನ ಆ ನಾಲ್ಕು ಹೆಜ್ಜೆಯನ್ನು ಕಾನೂನು ಖಾಲಿ ಬಿಟ್ಟಿದೆ. 1860ರ ಸಂಹಿತೆ ಹೋಗಿ 2024ರ ಜುಲೈನಿಂದ ಭಾರತೀಯ ನ್ಯಾಯ ಸಂಹಿತೆ ಬಂದರೂ ಗೆರೆ ಅಲ್ಲೇ ಇದೆ.

ಹಾಗಂತ ಕಾನೂನು ಪೆದ್ದನ ಹಾಗೆ ಕಡೇ ಗಳಿಗೆಯವರೆಗೆ ಕೈಕಟ್ಟಿ ಕೂರುವುದಿಲ್ಲ. ಬೀಗ ಒಡೆದು ಪೆಟ್ಟಿಗೆ ತೆರೆದವನಿಗೆ ಒಳಗೆ ಒಡವೆ ಸಿಗದಿದ್ದರೂ ಅವನು ಕಳ್ಳತನದ ಯತ್ನ ಮಾಡಿದವನೇ. ಮುಂಬೈ ಕಡೆಯ ಖಾರಿಯೊಂದರ ದಡದಲ್ಲಿ ರಾತ್ರೋರಾತ್ರಿ ಬೆಳ್ಳಿ ಗಟ್ಟಿ ಇಳಿಸುತ್ತಿದ್ದವರನ್ನು, ಯಂತ್ರದ ದೋಣಿಯ ಸದ್ದು ಕೇಳುತ್ತಿದ್ದಾಗಲೇ ಹಿಡಿದ ಕೇಸಿನಲ್ಲಿ, ಇದು ಯತ್ನವೇ ಹೌದು ಅಂತ 1980ರಲ್ಲಿ ಅದೇ ಸುಪ್ರೀಂ ಕೋರ್ಟ್ ಹೇಳಿತು. ಅವರಿಗೆ 14 ಮೈಲಿ ಉಳಿದಿರಲಿಲ್ಲ, ಉಳಿದದ್ದು ಒಂದು ದೋಣಿ. ಡಕಾಯಿತಿಗೆ ಸಿದ್ಧತೆ ಮಾಡಿಕೊಂಡರೆ ಆ ಸಿದ್ಧತೆಯೇ ಅಪರಾಧ. 1913ರಲ್ಲಿ ಸೇರಿಸಿದ ಒಳಸಂಚಿನ ಕಲಮಿನ ಪ್ರಕಾರ, ಇಬ್ಬರು ಸೇರಿ ಅಪರಾಧ ಮಾಡೋಣ ಅಂತ ಒಪ್ಪಿಕೊಂಡರೆ ಸಾಕು. ಉದ್ದೇಶಕ್ಕೇ ಶಿಕ್ಷೆ ಅನ್ನುವುದಕ್ಕೆ ತೀರಾ ಹತ್ತಿರ ಹೋಗುವ ಕಲಮು ಇದು. ಒಂಟಿಯಾಗಿದ್ದವನು ಯಾರಿಗೂ ಹೇಳದೆ ಮನಸ್ಸು ಬದಲಿಸಬಹುದು, ಇಬ್ಬರಾದರೆ ಒಬ್ಬ ಇನ್ನೊಬ್ಬನನ್ನು ಎಳೆದುಕೊಂಡು ಹೋಗ್ತಾನೆ ಅನ್ನುವುದು ಇದರ ಹಿಂದಿನ ತರ್ಕ ಅಂತ ನಾನು ಅರ್ಥ ಮಾಡಿಕೊಂಡಿದ್ದೇನೆ. ಒಪ್ಪಬಹುದಾದ ತರ್ಕವೇ. ಆದರೆ ಒಪ್ಪಂದಕ್ಕೂ ಹರಟೆಗೂ ವ್ಯತ್ಯಾಸ ನೋಡುವ ತಾಳ್ಮೆ ಕೋರ್ಟಿಗೆ ಇರಬೇಕು.

ಈಗ ಸಿನಿಮಾಕ್ಕೆ ವಾಪಸು ಬರೋಣ. ಹೋವರ್ಡ್ ಮಾರ್ಕ್ಸ್ ಕತ್ತರಿ ಎತ್ತಿಯಾಗಿತ್ತು. ಅವನನ್ನು ಯತ್ನದ ಮೇಲೆ ಹಿಡಿಯಲು ನಮ್ಮ ಹಳೇ ಸಂಹಿತೆಯೇ ಸಾಕಿತ್ತು, ಭವಿಷ್ಯ ಕಾಣುವವರು ಬೇಕಿರಲಿಲ್ಲ. ಸ್ಪೀಲ್‌ಬರ್ಗ್ ಇಲ್ಲಿ ನಮ್ಮನ್ನು ಮೆಲ್ಲಗೆ ಯಾಮಾರಿಸಿದ್ದಾರೆ. ನಾವು ಸುಲಭವಾಗಿ ಒಪ್ಪುವ ಕೇಸನ್ನು ಮೊದಲು ತೋರಿಸಿ, ಇಡೀ ವ್ಯವಸ್ಥೆಗೆ ನಮ್ಮ ಒಪ್ಪಿಗೆ ಪಡೆದುಬಿಡುತ್ತಾರೆ. ಕತ್ತರಿ ಇನ್ನೂ ಮೇಜಿನ ಮೇಲಿದ್ದಾಗ, ಅವನಿನ್ನೂ ರಸ್ತೆಯಾಚೆ ನಿಂತು ನೋಡುತ್ತಿದ್ದಾಗ ಹಿಡಿದಿದ್ದರೆ ನಮಗೆ ಹೇಗನ್ನಿಸುತ್ತಿತ್ತು? ಆ ದೃಶ್ಯ ಸಿನಿಮಾದಲ್ಲಿಲ್ಲ.

ದೊಡ್ಡ ಪಲಾಯನ ಕೊನೆಯಲ್ಲಿದೆ. ವ್ಯವಸ್ಥೆ ಬಿದ್ದುಹೋಗುವುದು ಅದು ಅನ್ಯಾಯ ಅನ್ನೋ ಕಾರಣಕ್ಕಲ್ಲ. ಅದನ್ನು ಕಟ್ಟಿದ ಮುದುಕ ಸ್ವತಃ ಕೊಲೆಗಾರ ಅಂತ ಗೊತ್ತಾದ ಕಾರಣಕ್ಕೆ. ವಿಲನ್ ಸಿಕ್ಕ, ಚಿತ್ರ ಮುಗೀತು. ಆ ಮುದುಕ ಪ್ರಾಮಾಣಿಕನಾಗಿದ್ದರೆ? ಆ ಮೂವರ ಕಣ್ಣು ಒಂದು ಸಲವೂ ತಪ್ಪದಿದ್ದರೆ? ಆಗ ಒಪ್ಪುತ್ತಿದ್ದೆವಾ? ಕೇಳಬೇಕಾದ ಪ್ರಶ್ನೆ ಇದೇ ಆಗಿತ್ತು.

ಸಾಫ್ಟ್‌ವೇರಿನವನಾಗಿ ನನಗೆ ಕಾಡುವ ಇನ್ನೊಂದು ಮಾತಿದೆ. ‘ಒಂದು ಸಲವೂ ತಪ್ಪಿಲ್ಲ’ ಅನ್ನೋದನ್ನು ಇಂಥ ವ್ಯವಸ್ಥೆಯಲ್ಲಿ ಪರೀಕ್ಷಿಸುವುದು ಹೇಗೆ? ಅನುಮಾನದ ವ್ಯವಹಾರ ಕಂಡಾಗ ಬ್ಯಾಂಕಿನ ಪ್ರೋಗ್ರಾಂ ನಿಮ್ಮ ಕಾರ್ಡ್ ಬ್ಲಾಕ್ ಮಾಡುತ್ತೆ. ಆಮೇಲೆ ಫೋನ್ ಮಾಡಿ ‘ಇದು ನೀವೇನಾ ಸರ್?’ ಅಂತ ಕೇಳಬಹುದು. ಹೌದು ಅಂದರೆ ಪ್ರೋಗ್ರಾಂ ತಪ್ಪಿತು ಅಂತ ಗೊತ್ತಾಗುತ್ತೆ, ತಿದ್ದುತ್ತೇವೆ. ಕೊಲೆಗೆ ಮೊದಲೇ ಹಿಡಿದು ಕೊಳವೆಗೆ ತುಂಬಿದವನ ವಿಷಯದಲ್ಲಿ ಯಾರನ್ನು ಕೇಳೋದು? ಅವನು ಮಾಡುತ್ತಿದ್ದನೋ ಬಿಡುತ್ತಿದ್ದನೋ, ಆ ದಿನವೇ ನಡೆಯಲಿಲ್ಲವಲ್ಲ. ತನ್ನ ತಪ್ಪಿನ ಸಾಕ್ಷಿಯನ್ನು ತಾನೇ ಅಳಿಸಿಹಾಕುವ ಯಂತ್ರ ಯಾವತ್ತೂ ನೂರಕ್ಕೆ ನೂರೇ ತೋರಿಸುತ್ತೆ. ಶಿಕಾಗೊ ಪೊಲೀಸರು ಗುಂಡಿನ ದಾಳಿಯಲ್ಲಿ ಸಿಲುಕಬಹುದಾದವರಿಗೆ ಅಂಕ ಕೊಟ್ಟು ಕಂಪ್ಯೂಟರ್ ಪಟ್ಟಿ ಮಾಡಿದ್ದರು. ಅದನ್ನು 2019ರಲ್ಲಿ ನಿಲ್ಲಿಸಿದರು. ಆ ಪಟ್ಟಿ ಯಾರನ್ನೂ ಜೈಲಿಗೆ ಹಾಕುತ್ತಿರಲಿಲ್ಲ, ಹಾಗಾಗಿ ಅದರಿಂದ ಪ್ರಯೋಜನ ಇದೆಯಾ ಇಲ್ಲವಾ ಅಂತ ಹೊರಗಿನವರು ನೋಡಲಿಕ್ಕೆ ಸಾಧ್ಯವಿತ್ತು.

ಇಷ್ಟು ಹೇಳಿದ ಮೇಲೆ ಎದುರಿನ ಪ್ರಶ್ನೆಗೆ ಉತ್ತರ ಕೊಡದಿದ್ದರೆ ನಾನೂ ಹಿತ್ತಲ ಬಾಗಿಲ ಗಿರಾಕಿಯೇ. ದಿನಾ ಬಸ್‌ಸ್ಟಾಪಿನವರೆಗೆ ಒಬ್ಬ ಹಿಂಬಾಲಿಸುತ್ತಾನೆ ಅಂತ ಹುಡುಗಿ ಠಾಣೆಗೆ ಹೋಗುತ್ತಾಳೆ. ‘ಏನಾದ್ರೂ ಮಾಡಿದ್ನಾಮ್ಮ? ಮಾಡಿದ್ರೆ ಬಾ’ ಅಂತ ಉತ್ತರ ಬಂದರೆ ಆಕೆಗೆ ಸಮಾಲ್ಖಾದ ತತ್ವ ಹೇಳ್ತೀರಾ? ಇಲ್ಲ. ಆಕೆಗೆ ಬೇಕಾದದ್ದು ಅವನ ಮನಸ್ಸಿಗೆ ಶಿಕ್ಷೆಯಲ್ಲ, ಅವನು ಈಗಾಗಲೇ ಮಾಡುತ್ತಿರುವ ಕೆಲಸಕ್ಕೆ ಒಂದು ಹೆಸರು. 2013ರಲ್ಲಿ ಕಾನೂನು ಆ ಹೆಸರು ಕೊಟ್ಟಿತು. ಬೇಡ ಅಂದ ಮೇಲೂ ಹೆಣ್ಣನ್ನು ಹಿಂಬಾಲಿಸುವುದು, ಆಕೆಯ ಇಂಟರ್‌ನೆಟ್ ಬಳಕೆಯ ಮೇಲೆ ಕಣ್ಣಿಡುವುದು ತಾನೇ ಒಂದು ಅಪರಾಧ, ಮೊದಲ ಸಲಕ್ಕೆ ಮೂರು ವರ್ಷದವರೆಗೆ ಶಿಕ್ಷೆ. ನಾಳೆ ಏನು ಮಾಡುತ್ತಾನೋ ಅಂತ ಊಹಿಸುವ ಅಗತ್ಯವೇ ಇಲ್ಲ. ಇವತ್ತು ಮಾಡಿದ್ದಕ್ಕೆ ಇವತ್ತಿನ ಅಳತೆಯ ಶಿಕ್ಷೆ. ಸರಿಯಾದ ದಾರಿ ಇದು.

ಇನ್ನೊಂದು ದಾರಿಯೂ ಇದೆ, ಹಳ್ಳಿಯವರಿಗೆ ಚೆನ್ನಾಗಿ ಗೊತ್ತಿರೋದು. ನಮ್ಮೂರ ಕಡೆ ಮಳೆ ಬಿದ್ದು ಆರು ಕಟ್ಟುವ ಹೊತ್ತಿಗೆ ಬದುವಿನ ಜಗಳ ಶುರುವಾಗುತ್ತೆ. ‘ಕಡ್ದಾಕ್ಬುಡ್ತೀನಿ ಕಣ್ಲಾ’ ಅಂತ ಮಚ್ಚು ಹಿಡಿದು ನಿಂತವರನ್ನು ಎಷ್ಟೋ ಸಲ ನೋಡಿದ್ದೇನೆ. ಅವರಲ್ಲಿ ಅರ್ಧ ಜನ ಯಾರಾದರೂ ಬಂದು ಹಿಡಿದುಕೊಳ್ಳಲಿ ಅಂತಲೇ ಕೂಗುತ್ತಿರುತ್ತಾರೆ. ಹಿಡಿದುಕೊಳ್ಳೋರು ಬರ್ತಾರೆ, ಒಬ್ಬ ಅಜ್ಜಿ ಎರಡೂ ಕಡೆಯವರಿಗೆ ಬೈತಾಳೆ, ಮಚ್ಚು ಮನೆ ಸೇರುತ್ತೆ. ಅಷ್ಟಕ್ಕೂ ಮುಗಿಯದಿದ್ದರೆ ತಹಶೀಲ್ದಾರರ ಮುಂದೆ ಮುಚ್ಚಳಿಕೆ. ಶಾಂತಿ ಕದಡುವುದಿಲ್ಲ ಅಂತ ಒಂದು ವರ್ಷದವರೆಗೆ ಬರೆಸಿಕೊಳ್ಳುವ ಕಾಗದ. ನಾವು ನಗರಕ್ಕೆ ಬಂದ ಮೇಲೆ ಇದನ್ನು ತಮಾಷೆ ಮಾಡ್ತೀವಿ. ಆದರೆ ಮುಚ್ಚಳಿಕೆ ಒಬ್ಬನನ್ನು ಅಪರಾಧಿ ಅನ್ನುವುದಿಲ್ಲ, ‘ನಿನ್ನ ಮೇಲೆ ಕಣ್ಣಿದೆ, ವಾಪಸು ಹೋಗು’ ಅನ್ನುತ್ತದೆ. ಹಿಂತಿರುಗುವ ದಾರಿಯನ್ನು ಮುಚ್ಚದೆ ದಾರಿಗೆ ದೀಪ ಹಾಕುತ್ತದೆ.

ಹಾಗಾದರೆ 2054ರ ವಾಷಿಂಗ್ಟನ್ ನಮಗೆ ದೂರವಾ? ಅಷ್ಟೇನಿಲ್ಲ. ಮುಂದೆ ಮಾಡಬಹುದು ಅಂತ ವಿಚಾರಣೆಯಿಲ್ಲದೆ ಕೂಡಿಹಾಕುವ ಕಾನೂನು ನಮ್ಮಲ್ಲಿ ಈಗಲೇ ಇದೆ. ಸಂವಿಧಾನದ 22ನೇ ವಿಧಿಯೇ ಅದಕ್ಕೆ ಜಾಗ ಕೊಟ್ಟಿದೆ. ಸಲಹಾ ಮಂಡಳಿಯ ಮುಂದೆ ವಕೀಲರನ್ನು ಇಟ್ಟುಕೊಳ್ಳುವ ಹಕ್ಕು ಕೂಡ ಹೀಗೆ ಹಿಡಿದವರಿಗಿಲ್ಲ. ನಾವು ಗೂಂಡಾ ಕಾಯ್ದೆ ಅಂತ ಕರೆಯುವ ಕರ್ನಾಟಕದ 1985ರ ಕಾಯ್ದೆಯಡಿ, ಹಿಂದಿನ ಕೇಸುಗಳನ್ನು ನೋಡಿ, ಮುಂದೆ ಮಾಡದಂತೆ ತಡೆಯಲು ಅಂತ 12 ತಿಂಗಳವರೆಗೆ ಒಳಗಿಡಬಹುದು. 2014ರ ತಿದ್ದುಪಡಿಯಲ್ಲಿ ‘ಡಿಜಿಟಲ್ ಅಪರಾಧಿ’ಗಳೂ ಪಟ್ಟಿಗೆ ಸೇರಿದರು. ಅಂದರೆ ವ್ಯಾಪಾರಕ್ಕಾಗಿ ಸಿನಿಮಾ, ಸಾಫ್ಟ್‌ವೇರ್ ಕದ್ದು ನಕಲು ಮಾಡುವವರೂ. ಇದನ್ನು ಶಿಕ್ಷೆ ಅನ್ನುವುದಿಲ್ಲ, ಮುನ್ನೆಚ್ಚರಿಕೆ ಅನ್ನುತ್ತಾರೆ. ಒಳಗಿದ್ದವನಿಗೆ ಬಾಗಿಲು ಒಂದೇ ಥರ ಕಾಣುತ್ತದೆ.

ಬೆಂಗಳೂರಿನ ಫ್ರೀಡಂ ಪಾರ್ಕಿಗೆ ಹೋದವರು ಅಲ್ಲಿ ಉಳಿಸಿಕೊಂಡ ಹಳೇ ಸೆಂಟ್ರಲ್ ಜೈಲಿನ ಭಾಗಗಳನ್ನು ನೋಡಿರುತ್ತೀರಿ. ತುರ್ತುಪರಿಸ್ಥಿತಿ ಘೋಷಣೆಯಾದ ಮರುದಿನವೇ, 1975ರ ಜೂನ್ 26ರಂದು, ಸಂಸದೀಯ ಸಮಿತಿಯ ಸಭೆಗೆಂದು ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಅವರನ್ನು ಬಂಧಿಸಿ ಆ ಜೈಲಿನಲ್ಲೇ ಇಟ್ಟಿದ್ದರು. ‘ಸಂಸ್ಕಾರ’ ಚಿತ್ರದ ನಟಿ ಸ್ನೇಹಲತಾ ರೆಡ್ಡಿ ಸುಮಾರು ಎಂಟು ತಿಂಗಳು ಅಲ್ಲಿದ್ದು, ಹೊರಬಂದ ಕೆಲವೇ ದಿನಗಳಿಗೆ, 1977ರ ಜನವರಿಯಲ್ಲಿ ತೀರಿಕೊಂಡರು. ಬಳಸಿದ ಅಸ್ತ್ರ ಮೀಸಾ, ಅದೂ ಮುನ್ನೆಚ್ಚರಿಕೆಯ ಬಂಧನದ ಕಾನೂನೇ. ‘ಮುಂದೆ ಏನು ಮಾಡುತ್ತಾನೋ’ ಅನ್ನೋ ಅಸ್ತ್ರವನ್ನು ಗೂಂಡಾನಿಗೆಂದು ಮಾಡಿಸಿಟ್ಟರೂ, ಅದು ಯಾರ ಕೈಗೆ ಹೋಗುತ್ತೆ ಅನ್ನೋದರ ಮೇಲೆ ಗೂಂಡಾ ಯಾರು ಅಂತ ತೀರ್ಮಾನವಾಗುತ್ತೆ.

ಸಿನಿಮಾದ ನಿಜವಾದ ಒಳ್ಳೆ ದೃಶ್ಯವನ್ನು ಹೇಳದಿದ್ದರೆ ಅನ್ಯಾಯವಾದೀತು. ಆಂಡರ್ಟನ್‌ನ ಹೆಸರೇ ಕೊಲೆಗಾರ ಅಂತ ಬಂದಿರುತ್ತದೆ. ಕೊಲ್ಲಬೇಕಾದವನು ಯಾರೆಂದೇ ಅವನಿಗೆ ಗೊತ್ತಿಲ್ಲ. ಉದ್ದೇಶವೇ ಇಲ್ಲದವನಿಗೆ ಭವಿಷ್ಯವಾಣಿಯೇ ಉದ್ದೇಶ ಹುಟ್ಟಿಸುತ್ತದೆ. ಹೋಟೆಲ್ ಕೋಣೆಯೊಂದರಲ್ಲಿ, ತನ್ನ ಮಗನನ್ನು ಕದ್ದವನು ಇವನೇ ಅಂತ ನಂಬಿ ಬಂದೂಕು ಹಿಡಿದು ನಿಲ್ಲುತ್ತಾನೆ. ಪಕ್ಕದಲ್ಲಿರುವ ಅಗಥಾ, ನಿನಗಿನ್ನೂ ಆಯ್ಕೆ ಇದೆ ಅಂತ ಬೇಡಿಕೊಳ್ಳುತ್ತಾಳೆ. ಹೇಳಿದ ಗಳಿಗೆ ದಾಟಿಹೋಗುತ್ತದೆ. ಅವನು ಕೊಲ್ಲದೆ, ಅಳುತ್ತಲೇ, ಬಂಧಿತನ ಹಕ್ಕುಗಳನ್ನು ಓದಿ ಹೇಳಲು ಶುರು ಮಾಡುತ್ತಾನೆ. ಆಮೇಲೆ ಆ ಎದುರಿನವನು ತಾನೇ ಬಂದೂಕು ಎಳೆದುಕೊಂಡು ಸಾಯುವುದು ಬೇರೆ ಮಾತು. ಆ ಅರ್ಧ ನಿಮಿಷದಲ್ಲಿ ಚೆಂಡಿನ ವಾದ ಬಿದ್ದುಹೋಗುತ್ತದೆ. ಫಿಲಿಪ್ ಕೆ. ಡಿಕ್‌ರ 1956ರ ಮೂಲ ಕಥೆಯಲ್ಲಿ ಇದು ತಲೆಕೆಳಗು, ಅಲ್ಲಿ ಆಂಡರ್ಟನ್ ವ್ಯವಸ್ಥೆಯನ್ನು ಉಳಿಸಲಿಕ್ಕೆ ಬೇಕಂತಲೇ ಕೊಲ್ಲುತ್ತಾನೆ. ಈ ಒಂದು ಜಾಗದಲ್ಲಿ ಸ್ಪೀಲ್‌ಬರ್ಗ್ ಮೂಲಕ್ಕಿಂತ ಒಂದು ಹೆಜ್ಜೆ ಮುಂದೆ ಹೋದರು.

ಮುಂದೆ ಹೋದವರು ಕೊನೆಯ ನಿಮಿಷದಲ್ಲಿ ಮತ್ತೆ ಹಿಂದೆ ಬಂದರು. ವ್ಯವಸ್ಥೆ ಮುಚ್ಚಿದ ಮೇಲೆ ಕೊಳವೆಯಲ್ಲಿದ್ದ ಎಲ್ಲರನ್ನೂ ಬೇಷರತ್ತಾಗಿ ಕ್ಷಮಿಸಿ ಬಿಟ್ಟರು, ಆದರೂ ಅವರಲ್ಲಿ ಹಲವರ ಮೇಲೆ ಪೊಲೀಸರು ವರ್ಷಗಟ್ಟಲೆ ಕಣ್ಣಿಟ್ಟಿದ್ದರು ಅಂತ ನಮಗೆ ತಿಳಿಸುತ್ತಾರೆ. ಕ್ಷಮಿಸಿದರು ಅಂದರೆ ಏನರ್ಥ? ಯಾವ ತಪ್ಪಿಗೆ? ಸಿನಿಮಾ ಕೇಳುವುದಿಲ್ಲ. ಸಮಾಲ್ಖಾದ ಲಾರಿ ಡ್ರೈವರನ್ನು ನಮ್ಮ ಸುಪ್ರೀಂ ಕೋರ್ಟ್ ಕ್ಷಮಿಸಲಿಲ್ಲ. ನೀನು ಅಪರಾಧವನ್ನೇ ಮಾಡಿಲ್ಲ ಅಂತ ಕಳಿಸಿತು.